ಸ್ವಿಫ್ಟ್ ಬಿಡಿ, ಈಕೋ ನೋಡಿ

ಪ್ರಶ್ನೆ: ನಾನು ಕೊಟ್ಟೂರಿನವನು, ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೇನೆ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮಾವನ ಗ್ಯಾರೇಜ್ ಇದೆ. ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರಿನ ಚಾಸಿಯನ್ನು ನಾವೇ ಕಟ್ಟಿ, ಆಕ್ಸಿಡೆಂಟ್ ಆದ ಸ್ವಿಫ್ಟ್ ಒಂದರ ಇಂಜಿನ್ ಬಿಚ್ಚಿ ಅದಕ್ಕೆ ಕೂರಿಸಬೇಕೆಂದಿದ್ದೇವೆ. ಇದು ಆಗುವ ಕೆಲಸವೇ? ಆದರೆ ಕೂಡ್ಲಿಗಿ ಹೆದ್ದಾರಿಯಲ್ಲಿ ಓಡಿಸಬಹುದೇ?

ಉತ್ತರ: ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಆ ‘ಇಲ್ಲ’ದ ಕಾರಣವನ್ನು ಆಮೇಲೆ ಹೇಳುತ್ತೇನೆ. ‘ಹೌದು’ ಎಂದದ್ದರಲ್ಲಿ ಹೇಳಬೇಕಾದ್ದು ಬಹಳವಿದೆ.

ನೀವು ಅಂದುಕೊಂಡದ್ದು ಹುಚ್ಚು ಯೋಚನೆಯೇನಲ್ಲ, ನಮ್ಮಲ್ಲೇ ಮಾಡಿ ತೋರಿಸಿದವರಿದ್ದಾರೆ. ಬೆಂಗಳೂರಿನಲ್ಲಿ ಸಣ್ಣ ಡೀಸೆಲ್ ರೈಲು ಇಂಜಿನ್‌ಗಳನ್ನು ತಯಾರಿಸುವ ಸ್ಯಾನ್ ಇಂಜಿನಿಯರಿಂಗ್ ಬಳಗ 1990ರ ದಶಕದ ಕೊನೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಎರಡು ಸೀಟಿನ ಕಾರನ್ನು ಹೊರತಂದಿತು. ಅದರ ಮೈ ಫೈಬರಿನದು. ಒಳಗಿದ್ದದ್ದು ರೆನೋ ಕಂಪನಿ ತನ್ನ ಸಾಮಾನ್ಯ ಸಣ್ಣ ಕಾರುಗಳಿಗೆ ಹಾಕುತ್ತಿದ್ದ 1149 ಸಿಸಿ ಪೆಟ್ರೋಲ್ ಇಂಜಿನ್, ಸುಮಾರು 60 ಎಚ್‌ಪಿಯದು. ಮಹಾರಾಷ್ಟ್ರದ ಅಲಿಬಾಗ್ ಬಳಿಯ ಚಿಂಕಾರಾ ಮೋಟರ್ಸ್ ಕಟ್ಟಿದ ರೋಡ್‌ಸ್ಟರ್ ಕಾರಿನಲ್ಲಿ ಇಸುಜು 1.8 ಪೆಟ್ರೋಲ್ ಇಂಜಿನ್ ಇತ್ತು. ಕಾಂಟೆಸ್ಸಾ ಮತ್ತು ಅಂಬಾಸಡರ್ 1800 ಐಎಸ್‌ಜಡ್ ಕಾರುಗಳಲ್ಲಿ ಓಡಿದ್ದೂ ಅದೇ ಇಸುಜು ಮನೆತನದ ಇಂಜಿನ್ನೇ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರಂತೂ ಮಾರುತಿ 800ರ ಇಂಜಿನ್ ಇಟ್ಟು ಫಾರ್ಮುಲಾ ಮಾರುತಿ ಎಂಬ ಒಂದೇ ಸೀಟಿನ ರೇಸ್ ಕಾರು ಕಟ್ಟಿದರು. 796 ಸಿಸಿಯ ಆ ಪುಟ್ಟ ಕಾರಿನಲ್ಲಿ ರೇಸ್ ಕಲಿತವರಲ್ಲಿ ನಾರಾಯಣ್ ಕಾರ್ತಿಕೇಯನ್ ಕೂಡ ಒಬ್ಬರು. ಈ ದೇಶದಲ್ಲಿ ಹಗುರ ಕಾರಿನ ಕೆಲಸಕ್ಕೆ ಕೈಹಾಕುವ ಯಾರೇ ಆದರೂ ಕರಿವರ್ಧನ್ ಅವರನ್ನು ನೆನೆದು ಶುರು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಇಂಥ ಕಾರಿನ ಗುಟ್ಟೆಲ್ಲ ತೂಕದಲ್ಲಿದೆ. ಸ್ವಿಫ್ಟ್‌ನ 1197 ಸಿಸಿ ಕೆ ಸರಣಿಯ ಇಂಜಿನ್ 82 ಎಚ್‌ಪಿ ಆಸುಪಾಸಿನದು, ಎಳೆಯಬೇಕಾದ್ದು ಸುಮಾರು 880 ಕಿಲೋ ತೂಕ. ಟನ್ನಿಗೆ ಲೆಕ್ಕ ಹಾಕಿದರೆ ತೊಂಬತ್ತಮೂರು ಎಚ್‌ಪಿ. ಬ್ರಿಟನ್ನಿನ ಕೇಟರ್‌ಹ್ಯಾಮ್ ಸೆವೆನ್ 170 ಕಾರಿಗೆ ಇರುವುದು 84 ಎಚ್‌ಪಿ ಮಾತ್ರ, ಆದರೆ ಕಾರೇ 440 ಕಿಲೋ. ಅಲ್ಲಿ ಟನ್ನಿಗೆ ನೂರತೊಂಬತ್ತು! ಇಂಜಿನ್ ದೊಡ್ಡದು ಮಾಡದೆಯೇ ಶಕ್ತಿ ಇಮ್ಮಡಿಯಾಯಿತು. ಈ ಕಾರಿನ ಮೂಲ 1957ರಲ್ಲಿ ಕಾಲಿನ್ ಚಾಪ್‌ಮನ್ ಹೊರತಂದ ಲೋಟಸ್ ಸೆವೆನ್. ಆಗ ಬ್ರಿಟನ್ನಿನಲ್ಲಿ ಪೂರ್ತಿ ಕಾರಿಗೆ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿಗೆ ಇರಲಿಲ್ಲ. ಹಾಗಾಗಿ ಜನ ಕಿಟ್ ಕೊಂಡು ಮನೆಯ ಶೆಡ್ಡಿನಲ್ಲೇ ಜೋಡಿಸಿಕೊಂಡರು.

ಈಗ ನಿಮ್ಮ ಸ್ವಿಫ್ಟ್ ಇಂಜಿನ್ನಿಗೆ ಬರೋಣ. ಇಂಜಿನ್ ಒಳ್ಳೆಯದೇ. ತೊಡಕಿರುವುದು ಅದು ಕೂತಿರುವ ರೀತಿಯಲ್ಲಿ. ಸ್ವಿಫ್ಟ್‌ನಲ್ಲಿ ಇಂಜಿನ್ ಅಡ್ಡ ಕೂತು, ಪಕ್ಕದ ಗೇರ್‌ಬಾಕ್ಸಿನಿಂದಲೇ ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಲೋಟಸ್ ಸೆವೆನ್ ಮಾದರಿಯಲ್ಲಿ ಇಂಜಿನ್ ಉದ್ದಕ್ಕೆ ಕೂರಬೇಕು, ಹಿಂದಿನ ಗಾಲಿ ತಿರುಗಬೇಕು. ಅದನ್ನು ಉದ್ದಕ್ಕೆ ತಿರುಗಿಸಿ ಇಟ್ಟರೆ ಸ್ವಿಫ್ಟ್ ಗೇರ್‌ಬಾಕ್ಸ್ ಕೆಲಸಕ್ಕೆ ಬಾರದು. ಬೇರೆ ಗೇರ್‌ಬಾಕ್ಸ್ ತಂದು, ನಡುವೆ ಅಡಾಪ್ಟರ್ ಪ್ಲೇಟ್ ಕೊರೆಸಬೇಕು. ಆ ಪ್ಲೇಟಿನಲ್ಲಿ ಇಂಜಿನ್ನಿನ ಕ್ರ್ಯಾಂಕೂ ಗೇರ್‌ಬಾಕ್ಸಿನ ಶಾಫ್ಟೂ ಒಂದೇ ಗೆರೆಯಲ್ಲಿ ಬರದೆ ಕೂದಲೆಳೆಯಷ್ಟು ಆಚೀಚೆಯಾದರೂ ಕ್ಲಚ್ಚೂ ಬೇರಿಂಗೂ ಉಳಿಯುವುದಿಲ್ಲ.

ಇನ್ನೊಂದು ದಾರಿ, ಸ್ವಿಫ್ಟ್‌ನ ಇಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್ ಎಲ್ಲವನ್ನೂ ಹಾಗೆಯೇ ಎತ್ತಿ ಸೀಟಿನ ಹಿಂದೆ ಇಡುವುದು. 1996ರ ಲೋಟಸ್ ಎಲೀಸ್ ಹೀಗೇ ರೋವರ್ ಇಂಜಿನ್ನನ್ನು ಬೆನ್ನ ಹಿಂದೆ ಹೊತ್ತಿತ್ತು. ಆದರೆ ಮುಂದಿನ ಗಾಲಿಯ ಹಬ್ ಸ್ಟೇರಿಂಗಿಗೆ ಅಂತ ಮಾಡಿದ್ದು, ಹಿಂದೆ ಹಾಕಿದಾಗ ಟೈ ರಾಡ್ ಹಿಡಿಯುವ ಜಾಗವನ್ನು ಚಾಸಿಗೆ ಬಿಗಿದು ತಿರುಗದಂತೆ ಕಟ್ಟಬೇಕು. ಅದು ಸಡಿಲವಾದರೆ ವೇಗದಲ್ಲಿ ಹಿಂದಿನ ಗಾಲಿ ತಾನೇ ತಿರುಗುತ್ತದೆ. ಮೊದಲ ಕಾರಿಗೆ ಇದು ಬೇಡ.

ನಾನಾದರೆ ಈಕೋ ಹುಡುಕುತ್ತಿದ್ದೆ. ಹಡಗಲಿ, ಹರಪನಹಳ್ಳಿ ರಸ್ತೆಗಳಲ್ಲಿ ಶಾಲೆ ಮಕ್ಕಳನ್ನೂ ಮಲ್ಲಿಗೆಯನ್ನೂ ಹೊತ್ತು ತಿರುಗುವ ವ್ಯಾನಿನಿಂದ ಸ್ಪೋರ್ಟ್ಸ್ ಕಾರೇ ಎಂದು ನಿಮಗೆ ಬೇಸರವಾಗಬಹುದು. ಹಾಗನ್ನಿಸಿದರೆ ಕೇಟರ್‌ಹ್ಯಾಮ್ ಕಂಪನಿ 2013–14ರಲ್ಲಿ ಮಾಡಿದ್ದನ್ನು ನೋಡಿ. ತನ್ನ ಸೆವೆನ್ 160 ಕಾರಿಗೆ ಅದು ಆರಿಸಿಕೊಂಡದ್ದು ಸುಜುಕಿಯ 660 ಸಿಸಿ, ಮೂರು ಸಿಲಿಂಡರಿನ ಟರ್ಬೊ ಇಂಜಿನ್. ಹಿಂದಿನ ಅಚ್ಚು ಸುಜುಕಿ ಎವೆರಿ ವ್ಯಾನಿನದು. ನಮ್ಮ ಓಮ್ನಿ, ಈಕೋ ಎರಡೂ ಅದೇ ಸುಜುಕಿ ವ್ಯಾನುಗಳ ವಂಶದವು. ಈಕೋದಲ್ಲಿ ಇಂಜಿನ್ ಉದ್ದಕ್ಕೇ ಕೂತಿದೆ, ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಗಟ್ಟಿ ಅಚ್ಚು. ನಿಮಗೆ ಬೇಕಾದ ಸರಪಳಿಯೆಲ್ಲ ಒಂದೇ ಗಾಡಿಯಲ್ಲಿದೆ. 2010ರಿಂದ ಬಂದದ್ದರಲ್ಲಿ 1196 ಸಿಸಿಯ 73 ಎಚ್‌ಪಿ ಇಂಜಿನ್ನು, 2022ರ ಕೊನೆಯಿಂದ ಬರುತ್ತಿರುವುದರಲ್ಲಿ ಕೆ ಸರಣಿಯದೇ 1197 ಸಿಸಿ, 80 ಎಚ್‌ಪಿ. ಪ್ರೊಪೆಲ್ಲರ್ ಶಾಫ್ಟನ್ನು ಚಾಸಿಯ ಅಳತೆಗೆ ಕತ್ತರಿಸಿ ಬೆಸುಗೆ ಹಾಕಿಸಿ, ಮರೆಯದೆ ಬ್ಯಾಲೆನ್ಸ್ ಮಾಡಿಸಿ. ಹೊರೆ ಎಳೆಯುವ ವ್ಯಾನಿಗೆಂದು ಹೊಂದಿಸಿದ ಗೇರು ಇದು, ಹೆಚ್ಚಿನ ವೇಗದಲ್ಲಿ ಇಂಜಿನ್ ಕಿರುಚುತ್ತದೆ. ಅರ್ಧ ಟನ್ನಿನ ಕಾರಿಗೆ ಅದರಿಂದ ನಷ್ಟವಿಲ್ಲ, ಹೊರಡುವಾಗಿನ ನೆಗೆತ ಚೆನ್ನಾಗಿರುತ್ತದೆ.

ಇಂಜಿನ್ ಕೂರಿಸುವುದು ನಿಮ್ಮ ಮಾವನವರಿಗೆ ಕಷ್ಟದ ಕೆಲಸವೇನಲ್ಲ. ಹೊಸ ಇಂಜಿನ್ ಸೋಲಿಸುವುದು ವೈರಿಂಗಿನಲ್ಲಿ, ಅದನ್ನು ಇಲ್ಲಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಅಂಬಾಸಡರ್ ಕಾಲದ ಇಂಜಿನ್ನಿಗೆ ಪೆಟ್ರೋಲು, ಬ್ಯಾಟರಿ, ಕಾಯಿಲ್ ಇದ್ದರೆ ಸಾಕಿತ್ತು. ಇಂದಿನದು ಇಸಿಯು ಎಂಬ ಡಬ್ಬಿ ಒಪ್ಪಿದರೆ ಮಾತ್ರ ಹತ್ತುತ್ತದೆ. ಆ ಡಬ್ಬಿ ಮೊದಲು ನೋಡುವುದು ಕೀಲಿಯನ್ನು. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಇರುತ್ತದೆ, ಅದರ ಗುರುತು ಇಸಿಯುವಿನಲ್ಲಿ ದಾಖಲಾಗಿರುತ್ತದೆ. ಎರಡೂ ತಾಳೆಯಾಗದಿದ್ದರೆ ಸ್ಟಾರ್ಟರ್ ತಿರುಗಿದರೂ ಇಂಜಿನ್ ಹತ್ತುವುದಿಲ್ಲ. ಗುಜರಿಯಲ್ಲಿ ಇಂಜಿನ್ ಮಾತ್ರ ಕೊಂಡು ಬಂದವರು ಇಲ್ಲೇ ತಿಂಗಳುಗಟ್ಟಲೆ ಸಿಕ್ಕಿಬೀಳುತ್ತಾರೆ. ಕೀಲಿ, ಕೀಲಿ ಹಾಕುವ ಲಾಕ್, ಈ ಗುರುತು ತಾಳೆ ನೋಡುವ ಇಮ್ಮೊಬಿಲೈಜರ್, ಇಸಿಯು, ಮೀಟರ್ ಬೋರ್ಡ್, ಪೂರ್ತಿ ವೈರಿಂಗ್ ಎಲ್ಲವೂ ಒಂದೇ ಗಾಡಿಯದಾಗಿರಬೇಕು. ವೈರನ್ನು ಕತ್ತರಿಸಿ ತೆಗೆಯಬೇಡಿ, ಒಂದೊಂದು ಕನೆಕ್ಟರಿಗೂ ಚೀಟಿ ಕಟ್ಟುತ್ತಾ ಬಿಚ್ಚಿ.

ಆಕ್ಸಿಲರೇಟರ್ ಪೆಡಲನ್ನೂ ಅದೇ ಗಾಡಿಯಿಂದ ತನ್ನಿ. ಹೊಸ ಕಾರುಗಳಲ್ಲಿ ಪೆಡಲಿಗೂ ಇಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿ ಎರಡು ಸೆನ್ಸರ್ ಕೂತು, ಕಾಲು ಎಷ್ಟು ಒತ್ತಿದೆ ಎಂಬ ಸುದ್ದಿಯನ್ನು ಬೇರೆಬೇರೆಯಾಗಿ ಕಳಿಸುತ್ತವೆ. ಎರಡೂ ಸುದ್ದಿ ಹೊಂದಿಕೆಯಾಗದಿದ್ದರೆ ಇಸಿಯು ಅಪಾಯವೆಂದು ತಿಳಿದು ಇಂಜಿನ್ನನ್ನು ತೆವಳುವ ವೇಗಕ್ಕೆ ಇಳಿಸಿಬಿಡುತ್ತದೆ. ಗಾಲಿಯ ವೇಗದ ಸುದ್ದಿ, ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರುಗಳ ಸುದ್ದಿ ಬರದಿದ್ದರೂ ಅದು ಮುನಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಇಂಜಿನ್ನನ್ನು ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಎಲ್ಲ ವೈರಿಂಗ್ ಹರಡಿ, ಅಲ್ಲೇ ಸ್ಟಾರ್ಟ್ ಮಾಡಿ. ಎಚ್ಚರಿಕೆಯ ದೀಪ ಆರಿ, ನೆಮ್ಮದಿಯಾಗಿ ಓಡಿದ ಮೇಲೆಯೇ ಚಾಸಿಗೆ ಏರಿಸಿ.

ಆಮೇಲೆ ಇಂಜಿನ್ನಿನ ಹೊಟ್ಟೆಯ ಎಣ್ಣೆ. ನಿಮ್ಮ ಕಾರು ನೆಲಕ್ಕೆ ತೀರ ಹತ್ತಿರ ಇರುತ್ತದೆ, ವ್ಯಾನಿನ ಆಯಿಲ್ ಸಂಪ್ ನೆಲದ ಉಬ್ಬುಗಳಿಗೆ ತಾಗಿ ಒಡೆಯುವ ಭಯವಿದೆ. ಸಂಪನ್ನು ಕತ್ತರಿಸಿ ಗಿಡ್ಡ ಮಾಡಿಸಿದರೆ ಒಳಗೆ ತಡೆಗೋಡೆಯಂತೆ ತಗಡು ಕೂರಿಸಿ. ಇಲ್ಲವಾದರೆ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಸರಿದು, ಪಂಪು ಗಾಳಿ ಹೀರಿ, ಬೇರಿಂಗ್ ಸುಟ್ಟುಹೋಗುತ್ತದೆ. ನಿಮ್ಮ ಕಡೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ವ್ಯಾನಿನ ರೇಡಿಯೇಟರ್, ಫ್ಯಾನ್ ಎರಡನ್ನೂ ಉಳಿಸಿಕೊಂಡು ಗಾಳಿ ನೇರ ಬಡಿಯುವ ಕಡೆ ಕೂರಿಸಿ.

ಚಾಸಿಗೆ ನಿಮಗೆ ಒಂದು ಪುಸ್ತಕ ಬೇಕು. 1996ರಲ್ಲಿ ರಾನ್ ಚಾಂಪಿಯನ್ ಎಂಬ ಬ್ರಿಟಿಷ್ ಮೇಷ್ಟರು ಮನೆಯಲ್ಲೇ ಕಟ್ಟುವ ಅಗ್ಗದ ಸ್ಪೋರ್ಟ್ಸ್ ಕಾರಿನ ಕುರಿತು ಬರೆದರು, ಅದನ್ನು ಹಿಡಿದು ಜಗತ್ತಿನ ಎಷ್ಟೋ ಜನ ಕಾರು ಕಟ್ಟಿದ್ದಾರೆ. ಒಂದು ಇಂಚಿನ 16 ಗೇಜ್ ಚೌಕ ಪೈಪುಗಳನ್ನು ತ್ರಿಕೋನಗಳಾಗಿ ಬೆಸೆಯುವುದು ಅದರ ಕ್ರಮ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕೈಗೆ ದಪ್ಪ ಕಬ್ಬಿಣ ರೂಢಿ. ಈ ತೆಳು ಪೈಪು ಆರ್ಕ್ ವೆಲ್ಡಿಂಗಿಗೆ ತೂತು ಬೀಳುತ್ತದೆ, ಸಿಓಟು ವೆಲ್ಡಿಂಗ್ ಬಲ್ಲವರಿಂದಲೇ ಮಾಡಿಸಿ. ತಲೆಯ ಮೇಲೆ ರೋಲ್ ಬಾರ್ ಇಲ್ಲದೆ ಯಾರನ್ನೂ ಅದರಲ್ಲಿ ಕೂರಿಸಬೇಡಿ.

ಇನ್ನು ಹೆದ್ದಾರಿಯ ಮಾತು. ಬ್ರಿಟನ್ನಿನಲ್ಲಿ ಶೆಡ್ಡಿನಲ್ಲಿ ಒಂದೇ ಕಾರು ಕಟ್ಟಿದವನೂ ಅದನ್ನು ಪರೀಕ್ಷೆಗೆ ಒಡ್ಡಿ, ಪಾಸಾದರೆ ನಂಬರ್ ಪಡೆಯಬಹುದು. ನಮ್ಮಲ್ಲಿ ಆ ಬಾಗಿಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮದಂತೆ ತಯಾರಕರು ಮಾದರಿ ವಾಹನವನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಒಂದೇ ಒಂದು ಕಾರಿಗಾಗಿ ಅದನ್ನು ಮಾಡಿಸುವುದು ಗ್ಯಾರೇಜಿನ ಅಳವಲ್ಲ. ಈಕೋದ ಆರ್‌ಸಿಯನ್ನೇ ಹೊಸ ಕಾರಿಗೆ ಇಟ್ಟುಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೊಡಬೇಡಿ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಮೇಲೆ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಾಯಿತು. ದಂಡಕ್ಕಿಂತ ನನಗೆ ಹೆಚ್ಚು ಭಯ ಇನ್ಶೂರೆನ್ಸಿನದು. ಕೂಡ್ಲಿಗಿ ಮೇಲೆ ಹಾಯುವ 50ನೇ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಈ ಮೊಣಕಾಲೆತ್ತರದ ಕಾರು ಯಾರಿಗಾದರೂ ತಾಗಿದರೆ, ಪರಿಹಾರದ ಹೊರೆಯೆಲ್ಲ ನಿಮ್ಮ ಮನೆಯವರ ಮೇಲೆ ಬೀಳುತ್ತದೆ. ಒಂದು ಗಾಡಿಯ ಮೇಲಿನ ಆಸೆಗೆ ಹೊಲ ಮಾರುವ ಸ್ಥಿತಿ ಬರಬಾರದು.

ಹಾಗೆಂದು ಕಟ್ಟುವುದನ್ನು ಬಿಡಬೇಡಿ. ರಸ್ತೆಗೆ ತರುವುದಿಲ್ಲ ಎಂದು ನಿರ್ಧರಿಸಿ, ಟ್ರೇಲರ್ ಮೇಲೆ ಹೊತ್ತೊಯ್ದು, ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಕಾರಾಗಿ ಕಟ್ಟಿ. ಕೊಯಮತ್ತೂರಿನಲ್ಲಿ ಕರಿವರ್ಧನ್ ಅವರ ಹೆಸರಿನ ಕರಿ ಮೋಟರ್ ಸ್ಪೀಡ್‌ವೇ ಇದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಒಂದೇ ಸೀಟಿನ ಕಾರುಗಳನ್ನು ತಂದು ಸ್ಪರ್ಧಿಸುವ ಫಾರ್ಮುಲಾ ಭಾರತ್ ನಡೆಯುವುದೂ ಅಲ್ಲೇ. ಒಮ್ಮೆ ಹೋಗಿ ಆ ಕಾರುಗಳ ಕೆಳಗೆ ಬಗ್ಗಿ ನೋಡಿ, ಬ್ರಾಕೆಟ್ ಎಲ್ಲಿ ಬೆಸೆದಿದ್ದಾರೆ, ವೈರ್ ಹೇಗೆ ಕಟ್ಟಿದ್ದಾರೆ ಎಂಬುದರ ಫೋಟೊ ತೆಗೆದುಕೊಳ್ಳಿ. ಡಿಪ್ಲೊಮಾ ಆದ ಮೇಲೆ ಹೊಸಪೇಟೆ, ಬಳ್ಳಾರಿ, ದಾವಣಗೆರೆಯಲ್ಲಿ ಎಲ್ಲಾದರೂ ಬಿಇಗೆ ಸೇರುವ ಮನಸ್ಸಿದ್ದರೆ, ಅಂಥ ತಂಡವಿರುವ ಕಾಲೇಜನ್ನೇ ಕೇಳಿ ಸೇರಿ.

ಈಕೋ ಕೊಳ್ಳುವಾಗ ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಇರುವ ಬಿಲ್ ಕೇಳಿ. ಹಳೆಯ ಆರ್‌ಸಿ ರದ್ದಾಗಿರುವ ಪತ್ರವನ್ನೂ ಪಡೆಯಿರಿ. ಕದ್ದ ಗಾಡಿಯ ಇಂಜಿನ್ ಗ್ಯಾರೇಜಿನಲ್ಲಿ ಸಿಕ್ಕರೆ ಉತ್ತರ ಹೇಳಬೇಕಾದವರು ನಿಮ್ಮ ಮಾವ.