ಟಿವಿ ಹಾರ್ಡ್‌ಡಿಸ್ಕನ್ನು ಗುರುತಿಸದಿದ್ದರೆ

ಕೃಷಿ ಪತ್ರಿಕೆಯಲ್ಲಿ ಟಿವಿಯ ಪಾಠ ಯಾಕೆ ಅಂತ ಕೇಳಬಹುದು. ಈಗ ನಮ್ಮಲ್ಲಿ ಹಲವರ ತೋಟದ ದಾಖಲೆ ಇರುವುದು ಪುಸ್ತಕದಲ್ಲಲ್ಲ, ಮೊಬೈಲಿನಲ್ಲಿ. ಮೊಬೈಲ್ ತುಂಬಿದರೆ ಅದು ಹೋಗಿ ಕೂರುವುದು ಹಾರ್ಡ್‌ಡಿಸ್ಕಿನಲ್ಲಿ. ಮನೆಮಂದಿಯೆಲ್ಲ ಒಟ್ಟಿಗೆ ನೋಡಬೇಕೆಂದರೆ ಟಿವಿಯೇ ಆಗಬೇಕು. ಅಲ್ಲಿ ಒಂದು ಗುಂಡಿ ತಪ್ಪಿ ಒತ್ತಿದರೆ ಇದ್ದದ್ದೆಲ್ಲ ಹೋಗುತ್ತದೆ. ನಮ್ಮದು ಸ್ವಲ್ಪದರಲ್ಲಿ ಉಳಿಯಿತು.

ಬೆಂಗಳೂರಿನ ಅತ್ತಿಗುಪ್ಪೆಯ ಮಗಳ ಮನೆಗೆ ಹೋಗುವಾಗ 1 ಟಿಬಿಯ ಸಣ್ಣ ಹಾರ್ಡ್‌ಡಿಸ್ಕ್ ಒಯ್ದಿದ್ದೆ. ನಮ್ಮೂರ ಹಿರಿಯ ಕೊನೆಗಾರರೊಬ್ಬರು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವ ವಿಡಿಯೊ ಅದರಲ್ಲಿತ್ತು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ರೂಢಿಯಾದ ಮೇಲೆ ನಮ್ಮ ಕಡೆ ಕೊಟ್ಟೆ ಕಟ್ಟುವವರು ಕಡಿಮೆಯಾದರು. ಆ ಹಿರಿಯರೂ ಈಗಿಲ್ಲ. ವಿಡಿಯೊದ ಪ್ರತಿ ಇದ್ದದ್ದು ಅದೊಂದೇ.

ಮೊದಲ ತೊಂದರೆ ಕರೆಂಟಿನದು. ಟಿವಿಯ ಪಕ್ಕದ ಯುಎಸ್‌ಬಿ ತೂತಿಗೆ ಸಿಕ್ಕಿಸಿದೆವು. ದೀಪ ಮಿಣುಕಿತು, ಒಳಗೆ ಟಿಕ್ ಟಿಕ್ ಸದ್ದು, ಟಿವಿಯಲ್ಲಿ ಏನೂ ಇಲ್ಲ. ಹತ್ತಿರದ ಅಂಗಡಿಯವರು 'ಡಿಸ್ಕ್ ಹೋಗಿದೆ ಸಾರ್, ಹೊಸದು ತಗೊಳ್ಳಿ' ಅಂದರು. ಹೋಗಿರಲಿಲ್ಲ. ವೋಲ್ಟೇಜ್ ಕಡಿಮೆಯಿದ್ದಾಗ ಪಂಪಿನ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಇದೂ ಅದೇ ಕಥೆ. ಡಿಸ್ಕಿನೊಳಗೂ ಪುಟ್ಟ ಮೋಟಾರಿದೆ. ಸ್ಟಾರ್ಟ್ ಆಗುವಾಗ ಅದಕ್ಕೆ ಹೆಚ್ಚು ಕರೆಂಟು ಬೇಕು. ಯುಎಸ್‌ಬಿ 2.0 ತೂತಿನ ಲೆಕ್ಕ 5 ವೋಲ್ಟಿನಲ್ಲಿ 500 ಮಿಲಿ ಆಂಪಿಯರ್, 3.0 ಆದರೆ 900. ಸಣ್ಣ ಡಿಸ್ಕುಗಳೂ ಆ ಗಳಿಗೆಯಲ್ಲಿ 1 ಆಂಪಿಯರ್ ಹತ್ತಿರ ಎಳೆಯುವುದುಂಟು. ಪೆನ್‌ಡ್ರೈವ್‌ನಲ್ಲಿ ಮೋಟಾರಿಲ್ಲ, ಹಾಗಾಗಿ ಅದೇ ತೂತಿನಲ್ಲಿ ಅದು ಸಲೀಸಾಗಿ ನಡೆಯುತ್ತದೆ.

ಟಿವಿಯ ಹಿಂದೆ ಬಗ್ಗಿ ನೋಡಿದರೆ ಇನ್ನೊಂದು ತೂತಿನ ಪಕ್ಕ 'ಎಚ್‌ಡಿಡಿ' ಅಂತ ಬರೆದಿತ್ತು. ಅಲ್ಲಿ ಹಾಕಿದಾಗ ತಿರುಗಿತು. ಅಂಥ ತೂತು ಇಲ್ಲದಿದ್ದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಬೇಕು. ಉದ್ದದ ಕೇಬಲ್ ಬೇಡ. ದೂರದ ಬಾವಿಗೆ ತೆಳು ವೈರ್ ಎಳೆದ ಹಾಗೆ, ವೋಲ್ಟೇಜು ದಾರಿಯಲ್ಲೇ ಬೀಳುತ್ತದೆ.

ಡಿಸ್ಕ್ ತಿರುಗಿತು ಅಂತ ಖುಷಿಪಡುವಷ್ಟರಲ್ಲಿ ಟಿವಿ ಇನ್ನೊಂದು ಮಾತು ತೆಗೆಯಿತು: ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ರಿಮೋಟು ಮೊಮ್ಮಗನ ಕೈಯಲ್ಲಿ.

"ಅಜ್ಜ, ಓಕೆ ಒತ್ತಲಾ?"

"ಒತ್ತಬೇಡ ಮಾರಾಯ, ಒಂಚೂರು ನಿಲ್ಲು."

ನನಗೇನೂ ಗೊತ್ತಿತ್ತು ಅಂತಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕದ ಹಳೆ ಅಭ್ಯಾಸ, ಅಷ್ಟೆ. ಸಂಜೆ ಅಳಿಯಂದಿರು ಬಂದು ವಿವರಿಸಿದರು. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂಬುದಕ್ಕೆ ಪಹಣಿಯ ಹಾಗೆ ಒಂದು ದಾಖಲೆ ಇರುತ್ತದೆ. ಅದನ್ನು ಬರೆಯುವ ಕ್ರಮ ಬೇರೆ ಬೇರೆ. ಮೋಡಿ ಲಿಪಿಯ ಹಳೆ ಜಮೀನು ಕಾಗದ ನಮಗೆ ಓದಲು ಬಾರದಿದ್ದರೆ ಜಮೀನೇ ಇಲ್ಲ ಅನ್ನುತ್ತೇವೆಯೇ? ಟಿವಿ ಹಾಗನ್ನುತ್ತದೆ. ಫಾರ್ಮ್ಯಾಟ್‌ಗೆ ಒಪ್ಪಿದರೆ ಹಳೆ ದಾಖಲೆ ತೆಗೆದು ತನ್ನ ಲಿಪಿಯಲ್ಲಿ ಖಾಲಿ ಪಹಣಿ ಬರೆದುಕೊಳ್ಳುತ್ತದೆ.

ಮುಖ್ಯವಾಗಿ ಮೂರು ಕ್ರಮ ಗೊತ್ತಿದ್ದರೆ ಸಾಕು. 1996ರಲ್ಲಿ ಬಂದ ಫ್ಯಾಟ್32 ಹೆಚ್ಚುಕಡಿಮೆ ಎಲ್ಲ ಟಿವಿಗೂ ಓದಲು ಬರುತ್ತದೆ, ಆದರೆ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ವಿಂಡೋಸ್ ಎನ್‌ಟಿ ಜತೆ 1993ರಲ್ಲಿ ಬಂದ ಎನ್‌ಟಿಎಫ್‌ಎಸ್‌ಗೆ ಆ ಮಿತಿಯಿಲ್ಲ, ಬಹಳಷ್ಟು ಟಿವಿಗಳು ಓದುತ್ತವೆ. ಎಕ್ಸ್‌ಫ್ಯಾಟ್ 2006ರದ್ದು. ದೊಡ್ಡ ಫೈಲಿಗೆ ಒಳ್ಳೆಯದೇ, ಆದರೆ ಬಹುಕಾಲ ಅದಕ್ಕೆ ಮೈಕ್ರೋಸಾಫ್ಟಿನ ಪರವಾನಗಿ ಬೇಕಿತ್ತು. ಅದರ ಪೂರ್ತಿ ವಿವರ ಎಲ್ಲರಿಗೂ ತೆರೆದದ್ದು 2019ರ ಆಗಸ್ಟಿನಲ್ಲಿ. ಹಾಗಾಗಿ ಹಳೆಯ ಟಿವಿಗಳಲ್ಲಿ ಅನೇಕಕ್ಕೆ ಎಕ್ಸ್‌ಫ್ಯಾಟ್ ಬರುವುದಿಲ್ಲ. ಮಗಳ ಮನೆಯದು 2014ರ ಟಿವಿ, ನಮ್ಮ ಡಿಸ್ಕು ಎಕ್ಸ್‌ಫ್ಯಾಟ್. ಮ್ಯಾಕ್ ಕಂಪ್ಯೂಟರಿನವರ ಸ್ವಂತ ಕ್ರಮವನ್ನಂತೂ ಸಾಮಾನ್ಯವಾಗಿ ಯಾವ ಟಿವಿಯೂ ಓದದು.

ಲ್ಯಾಪ್‌ಟಾಪಿಗೆ ಹಾಕಿದರೆ ಎಲ್ಲ ಫೈಲೂ ಹಾಗೇ ಇದ್ದವು. ಮೊದಲು ಅಷ್ಟನ್ನೂ ಲ್ಯಾಪ್‌ಟಾಪಿಗೆ ಇಳಿಸಿದೆವು, ಇನ್ನೊಂದು ಡಿಸ್ಕಿಗೂ ಪ್ರತಿ ಮಾಡಿದೆವು. ಪ್ರತಿಗಳನ್ನು ತೆರೆದು ನೋಡಿದೆವು. ಹೆಸರು ಕಂಡ ಮಾತ್ರಕ್ಕೆ ನಂಬಬಾರದು. ಆಮೇಲಷ್ಟೇ ಡಿಸ್ಕನ್ನು ಎನ್‌ಟಿಎಫ್‌ಎಸ್ ಮಾಡಿ ಎಲ್ಲ ವಾಪಸ್ ತುಂಬಿದ್ದು. ಕಂಪ್ಯೂಟರಿನಿಂದ ತೆಗೆಯುವಾಗ 'ಇಜೆಕ್ಟ್' ಕೊಟ್ಟೇ ತೆಗೆಯಿರಿ. ಸುಮ್ಮನೆ ಎಳೆದರೆ ದಾಖಲೆ ಅರ್ಧಕ್ಕೆ ನಿಂತು ಟಿವಿ ಮತ್ತೆ ತಕರಾರು ಮಾಡಬಹುದು. 2 ಟಿಬಿ ಮೀರಿದ ಡಿಸ್ಕುಗಳ ಭಾಗ ಮಾಡುವ ಕ್ರಮವೇ ಬೇರೆ, ಕೆಲವು ಹಳೆ ಟಿವಿಗೆ ಅದು ತಿಳಿಯದು. ಅಂಥ ಟಿವಿಗೆ ಚಿಕ್ಕ ಡಿಸ್ಕೇ ಸರಿ.

ಈಗ ಪಟ್ಟಿ ಬಂತು. ಆದರೂ ಕೆಲವು ವಿಡಿಯೊ ಹೆಸರು ತೋರಿಸಿದವು, ಓಡಲಿಲ್ಲ. ಅದು ಡಿಸ್ಕಿನ ದೋಷವಲ್ಲ. ಹೊಸ ಮೊಬೈಲುಗಳು ಜಾಗ ಉಳಿಸಲು ಎಚ್.265 ಎಂಬ ರೀತಿಯಲ್ಲಿ ವಿಡಿಯೊ ಒತ್ತಿಡುತ್ತವೆ. ಹಳೆ ಟಿವಿಗೆ ಗೊತ್ತಿರುವುದು ಎಚ್.264. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಬದಲಾಯಿಸಿಕೊಂಡೆವು. ನಿಧಾನದ ಕೆಲಸ, ಆದರೆ ಲ್ಯಾಪ್‌ಟಾಪಿಗೆ ಬಿಟ್ಟು ಮಲಗಬಹುದು. ಮೂಲ ಫೈಲನ್ನು ಅಳಿಸಲಿಲ್ಲ.

ಮಾರನೇ ದಿನ ಕೊಟ್ಟೆಯ ವಿಡಿಯೊ ಗೋಡೆಯಗಲ ಕಂಡಿತು. ಮೊಬೈಲಿನಲ್ಲಿ ಎಷ್ಟು ಸಲ ನೋಡಿದರೂ ಕೊನೆಯ ಗಂಟು ನನಗೆ ತಿಳಿದಿರಲಿಲ್ಲ. ಹಗ್ಗದ ತುದಿಯನ್ನು ಅವರು ಹೆಬ್ಬೆರಳಿನ ಅಡಿಯಿಂದ ತರುವುದು ಇಲ್ಲಿ ಸ್ಪಷ್ಟ ಕಂಡಿತು. ಮಗಳು ನಿಲ್ಲಿಸಿ ನಿಲ್ಲಿಸಿ ಚಿತ್ರ ಬರೆದುಕೊಂಡಳು. ಮೊಮ್ಮಗ ದಾರ ತಂದು ನೀರಿನ ಬಾಟಲಿಗೆ ಕಟ್ಟಿ ನೋಡಿದ. ಎರಡು ಸಲ ಜಾರಿತು, ಮೂರನೇ ಸಲ ನಿಂತಿತು.