ಕಾಡಿಲ್ಲದ ಊರಿನಲ್ಲೂ ಕಾಯುವ ಕೆಲಸವಿದೆ

ಪಿ.ಯು.ಸಿ. ಮುಗಿಸಿದ ಮಗಳು ಒಂದು ಸಂಜೆ, "ಅವ್ವಾ, ನಾ ಪ್ರಾಣಿ-ಪಕ್ಷಿ ಕಾಯೋ ಕೆಲಸಕ್ಕ ಓದ್ತೀನಿ" ಎನ್ನುತ್ತಾಳೆ ಎಂದುಕೊಳ್ಳೋಣ. ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಬರುವ ಉತ್ತರ ನಮಗೆ ಗೊತ್ತಿದೆ: "ನರ್ಸಿಂಗ್ ಮಾಡವ್ವಾ. ನಮ್ಮ ಕಡಿ ಕಾಡರ ಎಲ್ಲದ?"

ಉತ್ತರ ಕೊಡುವ ಮೊದಲು ಸುರಪುರದ ಸಮೀಪದ ಬೋನಾಳ ಕೆರೆಗೆ ಒಮ್ಮೆ ಹೋಗಿಬನ್ನಿ. ಅದು ಮನುಷ್ಯರು ಕಟ್ಟಿದ ಕೆರೆ. 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದರ ಅಭಿವೃದ್ಧಿಗೆ ಶ್ರಮಿಸಿದರು. ರೈತರ ನೀರಾವರಿಗೆಂದು ನಿಂತ ನೀರು ಇಂದು ಪಕ್ಷಿಧಾಮವಾಗಿದೆ. ಕೊಕ್ಕರೆ, ಕೆಂಬರಲು, ನೀರುಕೋಳಿಗಳ ಜೊತೆಗೆ, ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳೂ ಇಲ್ಲಿಗೆ ಬರುತ್ತವೆ. ಕಾಡಿಲ್ಲದ ನಾಡಿಗೂ ದೇವರು ಅತಿಥಿಗಳನ್ನು ಕಳಿಸಿದ್ದಾನೆ.

ಆದರೆ ಕೆರೆ ತಾನಾಗಿಯೇ ಉಳಿಯುವುದಿಲ್ಲ. ಕೊಕ್ಕರೆಗೆ ಅಂಚಿನ ತೆಳುನೀರು ಬೇಕು, ಬಾತುಗಳಿಗೆ ಬಯಲುನೀರು ಬೇಕು, ಗೂಡು ಕಟ್ಟಲು ಮರ, ಜೊಂಡು ಬೇಕು. ಹೂಳು ತುಂಬಿದರೆ ನೀರು ಬೇಗ ಬತ್ತುತ್ತದೆ. ಹೊಲಗಳ ಕೀಟನಾಶಕ ಹರಿದು ಬಂದರೆ ಮೀನು, ಹುಳುಗಳ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತದೆ. ಹೆಬ್ಬಾತುಗಳು ಬೆಳೆಗೆ ಇಳಿದರೆ ರೈತನಿಗೆ ಸಿಟ್ಟು ಬರುವುದು ಸಹಜ. ಇವೆಲ್ಲವನ್ನೂ ತೂಗಿ ನಡೆಯುವವನೇ ಕಾವಲುಗಾರ. ಹಕ್ಕಿ ಎಣಿಸುವುದು, ಬೇಟೆ ತಡೆಯುವುದು, ರೈತನ ಜೊತೆ ಕುಳಿತು ಮಾತಾಡುವುದು ಅವನ ದಿನದ ಕೆಲಸ.

ದಾರಿಯೂ ಇದೆ. ಎಸ್.ಎಸ್.ಎಲ್.ಸಿ. ಆದವರಿಗೆ ಅರಣ್ಯ ವೀಕ್ಷಕ, ಪಿ.ಯು.ಸಿ. ಆದವರಿಗೆ ಗಸ್ತು ಅರಣ್ಯ ಪಾಲಕ ಹುದ್ದೆಗಳಿಗೆ ಇಲಾಖೆ ಕಾಲಕಾಲಕ್ಕೆ ಅರ್ಜಿ ಕರೆಯುತ್ತದೆ. ದೈಹಿಕ ಪರೀಕ್ಷೆಯೂ ಇರುತ್ತದೆ. ವಿಜ್ಞಾನ ಓದಿದವರು ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿ ಪಡೆಯಬಹುದು. ವಿಜ್ಞಾನ, ಕೃಷಿ, ಎಂಜಿನಿಯರಿಂಗ್ ಪದವೀಧರರಿಗೆ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಇದೆ. ಸಂಶೋಧನೆಗೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಭಾಗದವರಿಗೆ ಶಿಕ್ಷಣ ಮತ್ತು ರಾಜ್ಯ ಸರಕಾರಿ ನೌಕರಿಯಲ್ಲಿ ಮೀಸಲಾತಿಯಿದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿಡಿ.

ತಾಯಿಯ ಭಯ ಸುಳ್ಳಲ್ಲ. ರಾತ್ರಿ ಗಸ್ತು, ದೂರದ ವರ್ಗಾವಣೆ, ಒಂಟಿತನ ಈ ಕೆಲಸದಲ್ಲಿವೆ. ಮಕ್ಕಳಿಗೆ ಅದನ್ನು ಮುಚ್ಚಿಡದೆ ಹೇಳೋಣ. ಆದರೆ ನಗಬೇಡಿ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮನುಷ್ಯನಿಗೆ ಮೊದಲು ಒಪ್ಪಿಸಿದ್ದು ತೋಟವನ್ನು ಬೆಳೆಸಿ ಕಾಯುವ ಕೆಲಸವನ್ನೇ ಅಲ್ಲವೇ? 1979ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಸಂತ ಅಸಿಸಿಯ ಫ್ರಾನ್ಸಿಸರನ್ನು ಪರಿಸರ ಕಾಳಜಿಯ ಪಾಲಕ ಸಂತರೆಂದು ಘೋಷಿಸಿದರು. ಗುರುಗಳಾಗುವುದು, ಕನ್ಯಾಸ್ತ್ರೀಯಾಗುವುದು ಮಾತ್ರ ದೈವಕರೆಯಲ್ಲ. ಕೆರೆಯ ದಂಡೆಯಲ್ಲಿ ನಿಷ್ಠೆಯಿಂದ ಕಾಯುವವರಿಗೂ ಕರೆಯಿದೆ.

ಮನೆಯಲ್ಲಿ ಮಾತಾಡಿಕೊಳ್ಳಿ:

1. ನಮ್ಮ ಊರ ಕೆರೆಗೆ ಯಾವ ಹಕ್ಕಿಗಳು ಬರುತ್ತವೆ? ಅಜ್ಜ-ಅಜ್ಜಿಯರ ಕಾಲದಲ್ಲಿ ಯಾವುವು ಬರುತ್ತಿದ್ದವು?
2. ನಮ್ಮ ಹೊಲದ ಔಷಧಿ ಮಳೆನೀರಿನೊಡನೆ ಎಲ್ಲಿಗೆ ಹೋಗುತ್ತದೆ?
3. ಮಗ ಅಥವಾ ಮಗಳು ಇಂಥ ಕೆಲಸ ಕೇಳಿದರೆ ನಮ್ಮ ಮೊದಲ ಮಾತು ಏನಾಗಿರಬೇಕು?