ನೀರಿಳಿಸುವ ಗುಳಿಗೆ: ದಂಪತಿಗಳು ತಿಳಿದಿರಬೇಕಾದುದು

ಪಾಲಾರ್ ನದಿಯ ನೀರು ನಿಲ್ಲುವ ಬೇತಮಂಗಲದ ಕೆರೆಗೆ ತೂಬಿರುವಂತೆ ನಮ್ಮ ದೇಹಕ್ಕೆ ಮೂತ್ರಪಿಂಡಗಳಿವೆ. ಮೂತ್ರವರ್ಧಕ ಗುಳಿಗೆಯು ಈ ತೂಬನ್ನು ತುಸು ಹೆಚ್ಚು ತೆರೆದು ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ಆಗ ಕಾಲಿನ ಬಾವು ಇಳಿಯುತ್ತದೆ, ರಕ್ತದ ಒತ್ತಡವೂ ತಗ್ಗುತ್ತದೆ. ಮುದ್ದೆಯೊಡನೆ ದಿನವೂ ಉಪ್ಪಿನಕಾಯಿ, ಹಪ್ಪಳ ತಿನ್ನುವವರಿಗೆ ಮಾತ್ರ ಇದರ ಫಲ ಅಷ್ಟಕ್ಕಷ್ಟೆ.

ಗುಳಿಗೆಯನ್ನು ಬೆಳಿಗ್ಗೆ ಸೇವಿಸಿರಿ. ರಾತ್ರಿ ಸೇವಿಸಿದರೆ ಪದೇ ಪದೇ ಏಳಬೇಕಾಗಿ, ಕತ್ತಲಲ್ಲಿ ತಲೆ ಸುತ್ತಿ ಬೀಳುವ ಭಯವುಂಟು. ಬಾವು ಇಳಿಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಆದರೆ ವಾಂತಿಭೇದಿಯಾದ ದಿನ ವೈದ್ಯರನ್ನು ಕೇಳಿಯೇ ನುಂಗತಕ್ಕದ್ದು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಯನ್ನು ಇದರೊಡನೆ ಸೇರಿಸಿದರೆ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಕೆಲವು ಗುಳಿಗೆಗಳಿಂದ ಮೂತ್ರದೊಡನೆ ಪೊಟ್ಯಾಸಿಯಂ ಲವಣವೂ ನಷ್ಟವಾಗುತ್ತದೆ, ಕೆಲವು ಅದನ್ನು ಉಳಿಸಿಕೊಳ್ಳುತ್ತವೆ. ಆದುದರಿಂದ ಎಳನೀರು, ಬಾಳೆಹಣ್ಣು ಎಲ್ಲರಿಗೂ ಒಳ್ಳೆಯದೆಂದು ಹೇಳಲಾಗದು. ಕಾಲು ಸೆಳೆತ, ನಿಶ್ಶಕ್ತಿ, ಎದೆಬಡಿತದ ಏರುಪೇರು ಕಂಡಲ್ಲಿ ರಕ್ತಪರೀಕ್ಷೆ ಮಾಡಿಸಿರಿ.

ಪತ್ನಿ ಗರ್ಭಿಣಿಯಾಗಿದ್ದು ಕಾಲು ಬಾತರೆ, ಪತಿಯ ಅಥವಾ ಅತ್ತೆಯ ಗುಳಿಗೆಯನ್ನು ಎಂದಿಗೂ ಕೊಡಬೇಡಿರಿ. ಬಾವಿನೊಡನೆ ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ ಇದ್ದರೆ ಅದು ಗರ್ಭನಂಜಿನ ಲಕ್ಷಣವಾಗಿರಬಹುದು. ಬೆಳಗಾಗಲೆಂದು ಕಾಯದೆ ಆಕೆಯನ್ನು ಆಸ್ಪತ್ರೆಗೆ ಕರೆತನ್ನಿರಿ.